ಅಳಿಯಸಂತಾನದ ಹಾದಿಯಲ್ಲೊಂದು ಜೀನ್

ಕಾಪು ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೊರಗೆ ಆಟಿಯ ಮಳೆ. ಹೆರಿಗೆಗೆಂದು ತಾಯಿಮನೆಗೆ ಬಂದ ಮಗಳು ಗಂಡುಮಗುವಿನೊಂದಿಗೆ ಆಸ್ಪತ್ರೆಯಿಂದ ಮರಳಿದ್ದಾಳೆ. ಅಜ್ಜಿ ಕಪಾಟಿನಿಂದ ಹಳೆಯ ಮೆತ್ತನೆಯ ಸೀರೆಯ ತುಂಡು ತೆಗೆದು ಮಗುವಿಗೆ ಸುತ್ತುತ್ತಾರೆ. ಬಟ್ಟೆಯ ಮಡಿಕೆಗಳ ನಡುವೆ ಇಟ್ಟಿದ್ದ ನುಸಿಗುಳಿಗೆಯ ವಾಸನೆ ಇನ್ನೂ ಅದರಲ್ಲಿದೆ. ಎರಡು ದಿನ ಕಳೆಯುವಷ್ಟರಲ್ಲಿ ಮಗುವಿನ ಕಣ್ಣು ಅರಸಿನ, ಹಾಲಿಗೂ ಏಳದಷ್ಟು ಮಂಕು. ಹುಟ್ಟಿದ ಮಕ್ಕಳಿಗೆ ಸ್ವಲ್ಪ ಕಾಮಾಲೆ ಇದ್ದದ್ದೇ ಎನ್ನುತ್ತಾರೆ ಮನೆಯವರು. ಹೆಚ್ಚಿನ ಮಕ್ಕಳ ಮಟ್ಟಿಗೆ ಆ ಮಾತು ನಿಜ. ಆದರೆ ಕೆಲವು ಮಕ್ಕಳ ಕೆಂಪು ರಕ್ತಕಣಗಳಿಗೆ ಆ ಗುಳಿಗೆಯ ನಾಫ್ತಲೀನ್ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ.

ಆ ಕಣಗಳಲ್ಲಿ ಕಡಿಮೆ ಇರುವುದು ಜಿ6ಪಿಡಿ ಎಂಬ ಕಿಣ್ವ. ಕೆಂಪುಕಣ ಬದುಕುವುದು ಸುಮಾರು 120 ದಿನ. ಬೆಳೆದು ರಕ್ತಕ್ಕೆ ಇಳಿಯುವ ಹೊತ್ತಿಗೆ ಅದು ತನ್ನ ಕೋಶಕೇಂದ್ರವನ್ನೂ ಮೈಟೊಕಾಂಡ್ರಿಯಾವನ್ನೂ ಕಳೆದುಕೊಂಡಿರುತ್ತದೆ. ಹೊಸ ಕಿಣ್ವ ತಯಾರಿಸಿಕೊಳ್ಳಲಾಗದು, ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಅಷ್ಟೂ ದಿನ ಸಾಗಬೇಕು. ಕೆಲವು ಔಷಧಿ, ರಾಸಾಯನಿಕ, ಸೋಂಕುಗಳು ಕಣದೊಳಗೆ ಒಂದು ಬಗೆಯ ತುಕ್ಕು ಹಿಡಿಸುತ್ತವೆ. ಅದನ್ನು ತಡೆಯುವ ಗ್ಲುಟಾಥಯೋನನ್ನು ಸದಾ ಸಜ್ಜಾಗಿಡುವ ಕೆಲಸ ಜಿ6ಪಿಡಿಯದು. ಬೇರೆ ಜೀವಕೋಶಗಳಿಗೆ ಬದಲಿ ದಾರಿಗಳಿವೆ, ಕೆಂಪುಕಣಕ್ಕೆ ಇದೊಂದೇ. ರಕ್ಷಣೆ ತಪ್ಪಿದರೆ ಹಿಮೋಗ್ಲೋಬಿನ್ ಮುದ್ದೆಗಟ್ಟುತ್ತದೆ, ಗುಲ್ಮ ಆ ಮುದ್ದೆಯನ್ನು ಕಿತ್ತು ಹಾಕುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅಂಥ ಕಣ ಅಂಚು ಕಚ್ಚಿದ ಬಿಸ್ಕತ್ತಿನ ಹಾಗೆ ಕಾಣುತ್ತದೆ. ಕಣಗಳು ಒಡೆದಾಗ ಉಂಟಾಗುವ ಹಳದಿ ಬಿಲಿರುಬಿನ್ ವಿಪರೀತ ಏರಿದರೆ ಎಳೆ ಮಗುವಿನ ಮಿದುಳಿಗೇ ಶಾಶ್ವತ ಹಾನಿ. ಆದ್ದರಿಂದ ಮಗು ಮಂಕಾದರೆ ಮನೆಮದ್ದಿಗೆ ಕಾಯಬಾರದು. ಹೊತ್ತಿಗೆ ಸರಿಯಾಗಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತವೆ.

ಕೊರತೆ ಬೆಳಕಿಗೆ ಬಂದದ್ದು ಮಾತ್ರ ಮಲೇರಿಯಾದ ದೆಸೆಯಿಂದ. ಪ್ರೈಮಾಕ್ವಿನ್ ಎಂಬ ಮಲೇರಿಯಾ ಮಾತ್ರೆ ನುಂಗಿದ ಕೆಲವರ ರಕ್ತ ಮಾತ್ರ ಏಕೆ ಒಡೆಯುತ್ತದೆ ಎಂದು ಹುಡುಕುತ್ತಿದ್ದ ಅಮೆರಿಕದ ಸಂಶೋಧಕರು 1956ರಲ್ಲಿ ಈ ಕಿಣ್ವದ ಕೊರತೆಯನ್ನು ಗುರುತಿಸಿದರು. ಇಂದು ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆಯೆಂದು ಅಂದಾಜು. ಉಡುಪಿ, ದಕ್ಷಿಣ ಕನ್ನಡಗಳಿಗೆ ಆ ಮಾತ್ರೆ ಹೊಸದಲ್ಲ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಅದನ್ನು ಅಲ್ಲೇ ಕೊಲ್ಲಲು ಕೊಡುವುದು 14 ದಿನಗಳ ಪ್ರೈಮಾಕ್ವಿನ್. ಕೊರತೆ ಇದ್ದವರಿಗೆ ಇದು ಅಪಾಯ. ಮಾತ್ರೆ ಶುರುವಾಗಿ ಒಂದೆರಡು ದಿನಗಳಲ್ಲೇ ಸುಸ್ತು, ಬೆನ್ನುನೋವು, ಹಾಲು ಹಾಕದ ಕಣ್ಣ ಚಹಾದ ಬಣ್ಣದ ಮೂತ್ರ. ಆ ಬಣ್ಣ ಕಂಡ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಓಡಬೇಕು.

ಇದು ವಂಶದಲ್ಲಿ ಇಳಿಯುವ ರೀತಿಯನ್ನು ತುಳುನಾಡಿನವರಿಗೆ ವಿವರಿಸುವುದು ಸುಲಭ ಎಂದು ನನಗೆ ಸದಾ ಅನ್ನಿಸಿದೆ. ಅಳಿಯಕಟ್ಟಿನಲ್ಲಿ, ಅಂದರೆ ಅಳಿಯಸಂತಾನ ಪದ್ಧತಿಯಲ್ಲಿ, ಬರಿ (ಕುಲ) ಬರುವುದು ತಾಯಿಯಿಂದ. ಆಸ್ತಿ ಸಾಗುತ್ತಿದ್ದದ್ದು ಮಾವನಿಂದ ಅಳಿಯನ, ಅಂದರೆ ಅಕ್ಕತಂಗಿಯರ ಮಗನ ಕಡೆಗೆ, ಸ್ವಂತ ಮಗನ ಕಡೆಗಲ್ಲ. ಜಿ6ಪಿಡಿಯ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿ ಕೊಟ್ಟದ್ದು. ಮಗನಿಗೆ ಅವನು ಕೊಡುವುದು ವೈ. ಹಾಗಾಗಿ ಕೊರತೆಯಿರುವ ತಂದೆಯಿಂದ ಮಗನಿಗೆ ಇದು ದಾಟುವುದಿಲ್ಲ. ಆದರೆ ಅವನ ಅಕ್ಕತಂಗಿಯರಲ್ಲಿ ಅದೇ ಜೀನ್ ಸದ್ದಿಲ್ಲದೆ ಇರಬಹುದು, ಅವರ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳಬಹುದು. ಮಾವನಲ್ಲಿ ಇದ್ದದ್ದು ಅಳಿಯನಲ್ಲಿ. ಆಸ್ತಿಯ ಕಟ್ಟನ್ನು ಕಾನೂನು ಸಡಿಲಿಸಿತು, ಜೀನಿನ ಕಟ್ಟು ಹಾಗೇ ಉಳಿದಿದೆ.

ಹೋಲಿಕೆ ಒಂದು ಕಡೆ ತಪ್ಪುತ್ತದೆ, ಅದನ್ನೂ ಹೇಳಬೇಕು. ಗಂಡಸು ತನ್ನ ಎಕ್ಸನ್ನು ಹೆಣ್ಣುಮಕ್ಕಳಿಗೆಲ್ಲ ಕೊಡುತ್ತಾನೆ, ಅಂದರೆ ಜೀನ್ ಬೇರೆ ಬರಿಗೆ ಹಾರುತ್ತದೆ. ಕೊರತೆಯಿರುವ ಅಳಿಯ ಕೊರತೆಯಿರುವ ಮಾವನ ಮಗಳನ್ನೇ ಮದುವೆಯಾದರೆ, ಹುಟ್ಟುವ ಪ್ರತಿ ಹೆಣ್ಣುಮಗುವಿಗೂ ಎರಡೂ ಎಕ್ಸ್ ದೋಷದ್ದಾಗುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ದೋಷದ ಎಕ್ಸ್ ಇರುವ ಹೆಂಗಸಿನ ಮೈಯಲ್ಲಿ ಎರಡು ಬಗೆಯ ಕೆಂಪುಕಣಗಳು ಬೆರೆತು ಹರಿಯುತ್ತವೆ. ಪ್ರತಿ ಮೂಲಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಡುವುದರಿಂದ ಹೀಗೆ. ದುರ್ಬಲ ಕಣಗಳೇ ಹೆಚ್ಚಾದ ಹೆಂಗಸಿಗೂ ತೊಂದರೆ ತಪ್ಪದು.

ದೋಷವೆಂದರೆ ಎಷ್ಟೋ ಬಾರಿ ಒಂದೇ ಅಕ್ಷರದ ವ್ಯತ್ಯಾಸ. ಭಾರತದಲ್ಲಿ ಹೆಚ್ಚಾಗಿ ಕಾಣುವ ಮೂರು ಬಗೆಗಳಿಗೆ ಮೆಡಿಟರೇನಿಯನ್, ಒರಿಸ್ಸಾ, ಕೇರಳ-ಕಲ್ಯಾಣ್ ಎಂದು ಊರಿನ ಹೆಸರುಗಳೇ. ಕೇರಳಕ್ಕೂ ಮಹಾರಾಷ್ಟ್ರದ ಕಲ್ಯಾಣಕ್ಕೂ ನಡುವೆ ಇರುವುದು ನಮ್ಮ ಕರಾವಳಿ.

ಊಟದ ವಿಷಯದಲ್ಲಿ ಗಾಬರಿ ಬೇಡ. ಈ ಕೊರತೆಯವರಿಗೆ ಅಪಾಯವೆಂದು ಪುಸ್ತಕಗಳಲ್ಲಿ ಬರುವ ಫಾವಾ ಬೀನ್ಸ್ ಬೇರೆಯೇ ಕಾಳು, ಅಲಸಂಡೆ, ಅವರೆ ಬಿಡಬೇಕಿಲ್ಲ. ಎಳೆ ಮಗುವಿನ ಕೈಗೆ ಮದರಂಗಿ ಹಚ್ಚುವುದನ್ನು ಮಾತ್ರ ಬಿಡಿ. ಕೊರತೆಯಿರುವ ಶಿಶುಗಳಲ್ಲಿ ಅದರಿಂದಲೂ ರಕ್ತ ಒಡೆದದ್ದಿದೆ.

ಪತ್ತೆಗೆ ಒಂದು ಹನಿ ರಕ್ತ ಸಾಕು. ಮಣಿಪಾಲದಂಥ ಕಡೆಯ ಲ್ಯಾಬಿನಲ್ಲಿ ರಕ್ತವನ್ನು ರಾಸಾಯನಿಕದೊಂದಿಗೆ ಬೆರೆಸಿ ಸೋಸುಕಾಗದದ ಮೇಲೆ ಚುಕ್ಕೆ ಇಡುತ್ತಾರೆ. ಕತ್ತಲಲ್ಲಿ ನೇರಳಾತೀತ ಬೆಳಕು ಬಿಟ್ಟರೆ ಕಿಣ್ವವಿದ್ದ ಚುಕ್ಕೆ ಹೊಳೆಯುತ್ತದೆ, ಇಲ್ಲದ್ದು ಕಪ್ಪಾಗೇ ಉಳಿಯುತ್ತದೆ. ರಕ್ತ ಒಡೆದ ಹೊಸತರಲ್ಲಿ ಉಳಿಯುವುದು ಕಿಣ್ವ ಹೆಚ್ಚಿರುವ ಎಳೆಯ ಕಣಗಳು, ಹಾಗಾಗಿ ಪರೀಕ್ಷೆ ಸುಳ್ಳು ಹೇಳಬಹುದು. ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಬೇಕು.

ಕಾಪುವಿನ ಆ ಮನೆಯ ಮಗುವಿನದೂ ಮೂರು ತಿಂಗಳ ನಂತರ ಕಪ್ಪು ಚುಕ್ಕೆ ಎಂದಿಟ್ಟುಕೊಳ್ಳಿ. ಚೀಟಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟು, ಅಜ್ಜಿ ಕಾರ್ಕಳದಲ್ಲಿರುವ ತನ್ನ ಅಣ್ಣನಿಗೆ ಫೋನು ಮಾಡುತ್ತಾರೆ: "ಅಣ್ಣಾ, ನೀನು ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಮಲೇರಿಯಾ ಬಂದಿತ್ತಲ್ಲ, ಆಗ ಮಾತ್ರೆ ತೆಗೊಂಡ ಮೇಲೆ ಮೂತ್ರ ಯಾವ ಬಣ್ಣ ಹೋಗಿತ್ತು?"