ಜಿ.ಐ. ಬಕೆಟ್ಟಿಗೆ ಹುಳಿ ಸೋಕಿಸಬೇಡಿ!

ಬಚ್ಚಲಲ್ಲೋ ಬಾವಿಕಟ್ಟೆಯ ಮೇಲೋ ಇರುವ ನಿಮ್ಮ ಜಿ.ಐ. ಬಕೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ಮೈಮೇಲೆ ಹೂ ಬಿಡಿಸಿದ ಹಾಗೆ ಮಿನುಗುತ್ತದೆ, ಅಲ್ವೆ? ಅದೇ ಸತು. ಉಕ್ಕನ್ನು ಶುಚಿ ಮಾಡಿ, ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿದ ಸತುವಿನೊಳಗೆ ಅದ್ದಿ ತೆಗೆಯುತ್ತಾರೆ. ಫ್ರಾನ್ಸಿನಲ್ಲಿ ಸೊರೆಲ್ ಎಂಬಾತ 1837ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಬರೀ ಬಣ್ಣ ಬಳಿದ ಕಬ್ಬಿಣಕ್ಕೆ ಒಂದು ಗೀರು ಬಿದ್ದರಾಯ್ತು, ಅಲ್ಲಿಂದಲೇ ತುಕ್ಕು ಶುರು. ಸತು ಹಾಗಲ್ಲ. ಸಣ್ಣಪುಟ್ಟ ಗೀರು ಬಿದ್ದರೂ ತಾನೇ ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಮನೆಗೊಬ್ಬಳು ಹಿರಿಯಕ್ಕ ಇದ್ದ ಹಾಗೆ ಅನ್ನಿ!

ಆದರೆ ಹುಳಿ ಕಂಡರೆ ಸತುವಿಗೆ ಆಗುವುದಿಲ್ಲ. ಫಳಫಳ ಹೊಳೆಯಲಿ ಅಂತ ಹುಣಿಸೇಹಣ್ಣು ಹಾಕಿ ತಿಕ್ಕುವವರಿದ್ದಾರೆ, ನಾನೂ ತಿಕ್ಕಿದವಳೇ. ಕೊಳೆಯ ಜೊತೆಗೆ ಸತುವೂ ಹೋಗುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಮದುವೆ-ಮುಂಜಿಯಲ್ಲಿ ಪಾತ್ರೆ ಸಾಲದೆ ಬಂದರೆ ಪಾನಕಕ್ಕೋ ಮಜ್ಜಿಗೆಗೋ ಇದೇ ಬಕೆಟ್ಟಿಗೆ ಕೈ ಹೋಗುತ್ತದೆ. ಖಂಡಿತಾ ಬೇಡಿ! ಹಿತ್ತಾಳೆ ಪಾತ್ರೆಯ ಕಲಾಯಿಯಂತೆ ಇದೂ ಅಂದುಕೊಳ್ಳಬೇಡಿ, ಅಲ್ಲಿರುವುದು ತವರ. ಇಲ್ಲಿ ಹುಳಿಗೆ ಸತು ಕರಗಿ ಇಳಿಯುತ್ತದೆ, ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಮಕ್ಕಳಿರುವ ಪಂಕ್ತಿಯಲ್ಲಿ ಹೀಗಾದರೆ ಗತಿಯೇನು? ಸಾರು, ಹುಳಿ, ಪಾನಕಕ್ಕೆಲ್ಲ ಸ್ಟೇನ್‌ಲೆಸ್ ಸ್ಟೀಲ್ ಬಕೆಟ್ಟನ್ನೇ ಬೇರೆ ಇಟ್ಟುಕೊಳ್ಳಿ.

ಹಳೇ ಬಕೆಟ್ಟಿನ ತಳದಲ್ಲಿ ಕೆಂಪು ತುಕ್ಕು ಕಂಡರೆ ಅಲ್ಲಿ ಸತು ಮುಗಿದಿದೆ ಅಂತ ಅರ್ಥ. ತೂತು ಬೀಳುವ ಮೊದಲೇ ಉಜ್ಜಿ, ಒಣಗಿಸಿ, ಹೊರಗಡೆಗೆ ಸತುವಿನ ಪೇಂಟ್ ಬಳಿಯಿರಿ.