ಹವ್ಯಾಸಿ ರೇಡಿಯೊ: ಪರವಾನಗಿಯ ದರ್ಜೆಗಳು ಹಾಗೂ ಕಂಪನಾಂಕ ಬಳಕೆಯ ಹಕ್ಕುಗಳಲ್ಲಿ ಆದ ಬದಲಾವಣೆಗಳು

ಬೆಳಗಾವಿ ನಗರದ ದಕ್ಷಿಣಕ್ಕಿರುವ ಪೀರನವಾಡಿಯಲ್ಲಿ ರಸ್ತೆಯು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮಚ್ಛೆಯ ಮೂಲಕ ಖಾನಾಪುರ ಮತ್ತು ಲೋಂಡಾ ಕಡೆಗೆ ಸಾಗುತ್ತದೆ. ಇನ್ನೊಂದು ಕಿಣಯೆ, ಜಾಂಬೋಟಿ, ಕಣಕುಂಬಿಗಳನ್ನು ಹಾದು ಚೋರ್ಲಾ ಘಟ್ಟವನ್ನು ಇಳಿಯುತ್ತದೆ. ಈ ಎರಡೂ ದಾರಿಗಳು ಸಹ್ಯಾದ್ರಿಯ ದಟ್ಟ ಅರಣ್ಯ ಪ್ರದೇಶವನ್ನು ತಲುಪುತ್ತವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹರಿದಾಗ ಖಾನಾಪುರ ತಾಲ್ಲೂಕಿನ ಹಲವು ಕಾಡಂಚಿನ ಗ್ರಾಮಗಳ ಸಂಪರ್ಕ ಕಡಿದುಹೋಗುತ್ತದೆ. ವಿದ್ಯುತ್ ನಿಂತರೆ ಮೊಬೈಲ್ ಗೋಪುರಗಳೂ ಹೆಚ್ಚು ಕಾಲ ಕಾರ್ಯನಿರ್ವಹಿಸುವುದಿಲ್ಲ. ಇಂತಹ ಸಂದರ್ಭಗಳಲ್ಲಿ ಒಂದು ಬ್ಯಾಟರಿ, ಒಂದು ತಂತಿ ಮತ್ತು ಒಂದು ಪ್ರೇಷಕ ಯಂತ್ರದಿಂದ ಸಂದೇಶವನ್ನು ಹೊರಕ್ಕೆ ಕಳುಹಿಸಬಲ್ಲ ಸೇವೆಯೇ ಹವ್ಯಾಸಿ ರೇಡಿಯೊ.

ಆದರೆ ಯಂತ್ರವಿದ್ದ ಮಾತ್ರಕ್ಕೆ ಯಾರು ಬೇಕಾದರೂ ಯಾವ ಕಂಪನಾಂಕದಲ್ಲಿ ಬೇಕಾದರೂ ಮಾತನಾಡಲು ಅವಕಾಶವಿಲ್ಲ. ಪರವಾನಗಿ ಪಡೆದವರ ದರ್ಜೆಗೆ ಅನುಗುಣವಾಗಿ ಕಂಪನಾಂಕ ಪಟ್ಟಿಗಳು ನಿಗದಿಯಾಗಿರುತ್ತವೆ. ಈ ದರ್ಜೆಗಳಲ್ಲಿ ಹಾಗೂ ಪಟ್ಟಿಗಳಲ್ಲಿ ಆದ ಬದಲಾವಣೆಗಳು ಬೆಳಗಾವಿ, ಖಾನಾಪುರದಂತಹ ಗುಡ್ಡಗಾಡು ಪ್ರದೇಶಗಳಿಗೆ ವಿಶೇಷ ಮಹತ್ವವನ್ನು ಹೊಂದಿವೆ. ಸಾರ್ವಜನಿಕರ ತಿಳಿವಳಿಕೆಗಾಗಿ ಅವುಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ಹವ್ಯಾಸಿ ರೇಡಿಯೊ ಎಂದರೇನು?

ಹಣದ ಲಾಭದ ಉದ್ದೇಶವಿಲ್ಲದೆ, ಸ್ವಯಂ ತರಬೇತಿ, ಪರಸ್ಪರ ಸಂಪರ್ಕ ಹಾಗೂ ತಾಂತ್ರಿಕ ಅನ್ವೇಷಣೆಗಾಗಿ ವ್ಯಕ್ತಿಗಳು ನಡೆಸುವ ರೇಡಿಯೊ ಸಂಪರ್ಕಕ್ಕೆ ಹವ್ಯಾಸಿ ರೇಡಿಯೊ ಎನ್ನುತ್ತಾರೆ. ಇದರಲ್ಲಿ ತೊಡಗಿರುವವರನ್ನು 'ಹ್ಯಾಮ್' ಎಂದು ಕರೆಯುವುದು ವಾಡಿಕೆ. ಆಕಾಶವಾಣಿಯಂತೆ ಇದು ಪ್ರಸಾರ ಸೇವೆಯಲ್ಲ. ಹಾಡು, ಜಾಹೀರಾತು ಹಾಗೂ ವ್ಯಾಪಾರದ ಮಾತುಕತೆಗಳನ್ನು ಇದರಲ್ಲಿ ಕಳುಹಿಸುವಂತಿಲ್ಲ. ಗುಪ್ತ ಭಾಷೆಯ ಬಳಕೆಯನ್ನೂ ನಿಷೇಧಿಸಲಾಗಿದೆ. ಪ್ರತಿ ಹವ್ಯಾಸಿಗೂ ಒಂದು ಕರೆಸಂಕೇತವನ್ನು ನೀಡಲಾಗುತ್ತದೆ. ಭಾರತದ ಹವ್ಯಾಸಿಗಳ ಸಂಕೇತವು ಸಾಮಾನ್ಯವಾಗಿ 'ವಿಯು2' ಅಥವಾ 'ವಿಯು3' ಎಂದು ಆರಂಭವಾಗುತ್ತದೆ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ 'ವಿಯು4', ಲಕ್ಷದ್ವೀಪಕ್ಕೆ 'ವಿಯು7' ಎಂಬ ಸಂಕೇತಗಳಿವೆ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ನಿಸ್ತಂತು ಸಂಪರ್ಕವು ದೀರ್ಘಕಾಲ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ಹಾಗೂ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಗಳ ಅಡಿಯಲ್ಲಿ ನಡೆಯಿತು. ಈ ಎರಡೂ ಕಾಯ್ದೆಗಳ ಸ್ಥಾನದಲ್ಲಿ ಜಾರಿಗೆ ತರಲು ಸಂಸತ್ತು 2023ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಹವ್ಯಾಸಿ ಸೇವೆಗೆ ಸಂಬಂಧಿಸಿದ ವಿವರವಾದ ನಿಯಮಗಳನ್ನು 1978ರಲ್ಲಿ ರೂಪಿಸಲಾಗಿತ್ತು. ಅವುಗಳಿಗೆ 2005 ಮತ್ತು 2009ರ ತಿದ್ದುಪಡಿಗಳು ಮಹತ್ವದ ಬದಲಾವಣೆಗಳನ್ನು ತಂದವು. ಕೇಂದ್ರ ಸಂವಹನ ಸಚಿವಾಲಯದ ದೂರಸಂಪರ್ಕ ಇಲಾಖೆಗೆ ಸೇರಿದ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗವು ಈ ಸೇವೆಯ ಪರವಾನಗಿ ಕಾರ್ಯವನ್ನು ನಿರ್ವಹಿಸುತ್ತಾ ಬಂದಿದೆ. ಇದು ಕೇಂದ್ರ ಸರ್ಕಾರದ ವಿಷಯವಾದ ಕಾರಣ ಪರವಾನಗಿಯನ್ನು ರಾಜ್ಯ ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಗಳಾಗಲಿ ನೀಡುವುದಿಲ್ಲ.

ಹಿಂದಿನ ದರ್ಜೆಗಳು

2009ರ ತಿದ್ದುಪಡಿಗೆ ಮೊದಲು ಪ್ರೇಷಣೆಗೆ ನಾಲ್ಕು ದರ್ಜೆಗಳಿದ್ದವು.

1. ಉನ್ನತ ಹವ್ಯಾಸಿ ದರ್ಜೆ: ಅತಿ ಹೆಚ್ಚಿನ ಅಂಕ ಹಾಗೂ ವೇಗದ ಮೋರ್ಸ್ ಪರೀಕ್ಷೆಯನ್ನು ಬಯಸುತ್ತಿದ್ದ ದರ್ಜೆ.

2. ಪ್ರಥಮ ದರ್ಜೆ: ಇದಕ್ಕೆ ನಿಮಿಷಕ್ಕೆ 12 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳುಹಿಸುವ ಮತ್ತು ಗ್ರಹಿಸುವ ಸಾಮರ್ಥ್ಯ ಬೇಕಾಗಿತ್ತು.

3. ದ್ವಿತೀಯ ದರ್ಜೆ: ಇದಕ್ಕೆ ನಿಮಿಷಕ್ಕೆ 5 ಪದಗಳ ಮೋರ್ಸ್ ವೇಗ ಸಾಕಾಗಿತ್ತು. ಆದರೆ ಹ್ರಸ್ವತರಂಗದಲ್ಲಿ ಧ್ವನಿಯ ಮೂಲಕ ಮಾತನಾಡಲು ನೇರ ಅನುಮತಿ ಇರಲಿಲ್ಲ. ಮೊದಲು ಮೋರ್ಸ್ ಸಂಕೇತದಲ್ಲಿ 100 ಸಂಪರ್ಕಗಳನ್ನು ಸಾಧಿಸಿ ಅದಕ್ಕೆ ಪುರಾವೆಯನ್ನು ಒದಗಿಸಬೇಕಾಗಿತ್ತು.

4. ದ್ವಿತೀಯ ದರ್ಜೆ (ನಿರ್ಬಂಧಿತ): ಇದಕ್ಕೆ ಮೋರ್ಸ್ ಪರೀಕ್ಷೆ ಇರಲಿಲ್ಲ. ಆದರೆ ಅತ್ಯುನ್ನತ ಕಂಪನಾಂಕದ ಪಟ್ಟಿಗಳಲ್ಲಿ ಮಾತ್ರ ಧ್ವನಿ ಸಂಪರ್ಕಕ್ಕೆ ಅವಕಾಶವಿತ್ತು.

ಹೊಸದಾಗಿ ಈ ಹವ್ಯಾಸವನ್ನು ಆರಂಭಿಸುವವರಲ್ಲಿ ಮೋರ್ಸ್ ತಿಳಿಯದವರು ನಾಲ್ಕನೆಯ ದರ್ಜೆಯನ್ನೇ ಆಯ್ದುಕೊಳ್ಳಬೇಕಾಗಿತ್ತು. ಅವರಿಗೆ ದೊರೆಯುತ್ತಿದ್ದ ಮುಖ್ಯ ಪಟ್ಟಿ 144ರಿಂದ 146 ಮೆಗಾಹರ್ಟ್ಸ್. ಇದನ್ನು ಎರಡು ಮೀಟರ್ ಪಟ್ಟಿ ಎಂದೂ ಕರೆಯುತ್ತಾರೆ.

ಗುಡ್ಡಗಾಡಿನ ಸಮಸ್ಯೆ

ಎರಡು ಮೀಟರ್ ಪಟ್ಟಿಯ ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುತ್ತವೆ. ಎರಡೂ ಕಡೆ 10 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ, ಸಮತಟ್ಟಾದ ನೆಲದ ಮೇಲೆ ಭೂಮಿಯ ಬಾಗು ಅಡ್ಡಬರುವ ಮೊದಲು ಅವು ಸುಮಾರು 26 ಕಿಲೋಮೀಟರ್ ದೂರವನ್ನು ಕ್ರಮಿಸಬಲ್ಲವು. ಲೆಕ್ಕದಲ್ಲಿ ಇದು ಪೀರನವಾಡಿಯಿಂದ ಖಾನಾಪುರ ಪಟ್ಟಣವನ್ನು ತಲುಪಲು ಸಾಕಾಗುವಷ್ಟು ದೂರ. ಆದರೆ ಜಾಂಬೋಟಿಯಿಂದ ಆಚೆಗೆ ನೆಲ ಸಮತಟ್ಟಾಗಿಲ್ಲ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿ ಹಾಗೂ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಭೀಮಗಡದ ಕಣಿವೆಗಳಲ್ಲಿ ಬೆಟ್ಟದ ಒಂದು ಏಣು ಅಡ್ಡ ಬಂದರೂ ಸಂಕೇತವು ನಿಂತುಹೋಗುತ್ತದೆ.

ಬೆಂಗಳೂರಿನಂತಹ ನಗರಗಳಲ್ಲಿ ಈ ಕೊರತೆಯನ್ನು ರಿಪೀಟರ್ ಎಂಬ ಉಪಕರಣವು ನೀಗಿಸುತ್ತದೆ. ಎತ್ತರದ ಸ್ಥಳದಲ್ಲಿರುವ ರಿಪೀಟರ್ ದುರ್ಬಲ ಸಂಕೇತವನ್ನು ಸ್ವೀಕರಿಸಿ, ಪುನಃ ಬಲವಾಗಿ ಪ್ರೇಷಿಸುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವೂ ಇಡೀ ನಗರವನ್ನು ತಲುಪಬಲ್ಲದು. ಅಂತಹ ವ್ಯವಸ್ಥೆ ಇಲ್ಲದ ಕಾಡು ಮತ್ತು ಕಣಿವೆಗಳಲ್ಲಿ ಎರಡು ಮೀಟರ್ ಪಟ್ಟಿಯ ಉಪಯೋಗ ಸೀಮಿತವಾದುದು. ಹೀಗೆ ಸಂಪರ್ಕದ ಅಗತ್ಯ ಅತಿ ಹೆಚ್ಚಾಗಿದ್ದ ಸ್ಥಳದಲ್ಲೇ ಹೊಸ ಹವ್ಯಾಸಿಯ ಪರವಾನಗಿಯ ಪ್ರಯೋಜನ ಅತಿ ಕಡಿಮೆಯಾಗಿತ್ತು.

7 ಮೆಗಾಹರ್ಟ್ಸ್ ಪಟ್ಟಿಯ ತರಂಗಗಳ ಸ್ವಭಾವ ಬೇರೆ. ಅವನ್ನು ಮೇಲ್ಮುಖವಾಗಿ ಕಳುಹಿಸಿದರೆ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದಿಂದ ಬಾಗಿ ನೆಲಕ್ಕೆ ಮರಳುತ್ತವೆ. ಮೇಲಿನಿಂದ ಇಳಿಯುವ ಕಾರಣ ಬೆಟ್ಟಗಳು ಅವಕ್ಕೆ ಅಡ್ಡಿಯಾಗುವುದಿಲ್ಲ. ಸುಮಾರು 20 ಮೀಟರ್ ಉದ್ದದ ತಂತಿಯನ್ನು ಎರಡು ಮರಗಳ ನಡುವೆ ಹೆಚ್ಚು ಎತ್ತರವಿಲ್ಲದೆ ಕಟ್ಟಿದರೂ, ಹಗಲು ಹೊತ್ತಿನಲ್ಲಿ ಖಾನಾಪುರದ ಕಣಿವೆಯೊಂದರಿಂದ ಬೆಳಗಾವಿ, ಧಾರವಾಡ ಮಾತ್ರವಲ್ಲದೆ ಬೆಂಗಳೂರಿನವರೆಗೂ ಮಾತನಾಡಲು ಸಾಧ್ಯವಾಗುತ್ತದೆ. ರಾತ್ರಿಯ ವೇಳೆ ಅಯಾನುಗೋಳವು ಕ್ಷೀಣಿಸಿದಾಗ ಹತ್ತಿರದ ಊರುಗಳಿಗೆ 3.5 ಮೆಗಾಹರ್ಟ್ಸ್ ಪಟ್ಟಿಯು ಹೆಚ್ಚು ಸೂಕ್ತವಾಗುತ್ತದೆ.

2009ರ ತಿದ್ದುಪಡಿ

2009ರ ತಿದ್ದುಪಡಿ ನಿಯಮಗಳು ಹಿಂದಿನ ದರ್ಜೆಗಳನ್ನು ಎರಡಕ್ಕೆ ಇಳಿಸಿದವು. ಉನ್ನತ ಮತ್ತು ಪ್ರಥಮ ದರ್ಜೆಗಳು ಸೇರಿ 'ಸಾಮಾನ್ಯ ದರ್ಜೆ'ಯಾದವು. ದ್ವಿತೀಯ ಮತ್ತು ದ್ವಿತೀಯ ನಿರ್ಬಂಧಿತ ದರ್ಜೆಗಳು ಸೇರಿ 'ನಿರ್ಬಂಧಿತ ದರ್ಜೆ'ಯಾದವು. ಈ ನಿಯಮಗಳ ಮುಖ್ಯ ಅಂಶಗಳು ಇಂತಿವೆ.

ನಿರ್ಬಂಧಿತ ದರ್ಜೆ: ಲಿಖಿತ ಪರೀಕ್ಷೆಯ ಪ್ರತಿ ಭಾಗದಲ್ಲಿ ಶೇ. 40 ಹಾಗೂ ಒಟ್ಟಾರೆ ಶೇ. 50 ಅಂಕಗಳು ಅಗತ್ಯ. ಮೋರ್ಸ್ ಪರೀಕ್ಷೆ ಇಲ್ಲ. ಪ್ರೇಷಣಾ ಶಕ್ತಿಯ ಮಿತಿ 50 ವಾಟ್. ಕರೆಸಂಕೇತ 'ವಿಯು3'.

ಸಾಮಾನ್ಯ ದರ್ಜೆ: ಪ್ರತಿ ಭಾಗದಲ್ಲಿ ಶೇ. 50 ಹಾಗೂ ಒಟ್ಟಾರೆ ಶೇ. 55 ಅಂಕಗಳು ಅಗತ್ಯ. ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ ಪರೀಕ್ಷೆ ಇದೆ. ಪ್ರೇಷಣಾ ಶಕ್ತಿಯ ಮಿತಿ 400 ವಾಟ್. ಕರೆಸಂಕೇತ 'ವಿಯು2'.

ಎರಡೂ ದರ್ಜೆಗಳ ಲಿಖಿತ ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ರೇಡಿಯೊ ಸಿದ್ಧಾಂತ ಮತ್ತು ಪ್ರಯೋಗ. ಎರಡನೆಯದು ಸಂಪರ್ಕ ನಿಯಮಗಳು.

ಈ ತಿದ್ದುಪಡಿಯ ಅತಿ ಮುಖ್ಯ ಫಲವೆಂದರೆ, ಮೋರ್ಸ್ ತಿಳಿಯದ ನಿರ್ಬಂಧಿತ ದರ್ಜೆಯವರಿಗೂ 7, 14, 21 ಮತ್ತು 28 ಮೆಗಾಹರ್ಟ್ಸ್ ಮೊದಲಾದ ಹ್ರಸ್ವತರಂಗ ಪಟ್ಟಿಗಳಲ್ಲಿ ಧ್ವನಿಯ ಮೂಲಕ ಮಾತನಾಡುವ ಹಕ್ಕು ದೊರೆತದ್ದು. ನಗರವಾಸಿಗೆ ಇದು ದೂರದೇಶದ ಗೆಳೆಯರೊಡನೆ ಮಾತನಾಡುವ ಅವಕಾಶವಾದರೆ, ಘಟ್ಟದ ಅಂಚಿನ ಹವ್ಯಾಸಿಗೆ ತನ್ನದೇ ಜಿಲ್ಲಾ ಕೇಂದ್ರವನ್ನು ತಲುಪುವ ಮಾರ್ಗವಾಯಿತು.

ಅಂತರರಾಷ್ಟ್ರೀಯ ನಿರ್ಣಯಗಳು

ರೇಡಿಯೊ ತರಂಗಗಳಿಗೆ ದೇಶಗಳ ಗಡಿಯಿಲ್ಲ. ಆದಕಾರಣ ಯಾವ ಪಟ್ಟಿ ಯಾವ ಸೇವೆಗೆ ಎಂಬುದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವಿಶ್ವ ರೇಡಿಯೊ ಸಮ್ಮೇಳನಗಳು ನಿರ್ಧರಿಸುತ್ತವೆ. ಭಾರತವು ಈ ಒಕ್ಕೂಟದ ಮೂರನೆಯ ವಲಯಕ್ಕೆ ಸೇರಿದೆ. 2003ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನವು ಎರಡು ಮಹತ್ವದ ನಿರ್ಣಯಗಳನ್ನು ಕೈಗೊಂಡಿತು. ಮೊದಲನೆಯದಾಗಿ, ಹ್ರಸ್ವತರಂಗ ಬಳಸಲು ಮೋರ್ಸ್ ಜ್ಞಾನವು ಕಡ್ಡಾಯವಾಗಿರಬೇಕೆಂಬ ಅಂತರರಾಷ್ಟ್ರೀಯ ಷರತ್ತನ್ನು ತೆಗೆದು, ಆ ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿತು. ಎರಡನೆಯದಾಗಿ, ಪ್ರಸಾರ ಕೇಂದ್ರಗಳು ಬಳಸುತ್ತಿದ್ದ 7.1ರಿಂದ 7.2 ಮೆಗಾಹರ್ಟ್ಸ್ ಭಾಗವನ್ನು 2009ರ ಮಾರ್ಚ್ 29ರಿಂದ ಹವ್ಯಾಸಿಗಳಿಗೆ ವಹಿಸಿತು. ಇದರಿಂದ ಈ ವಲಯದಲ್ಲಿ 7 ಮೆಗಾಹರ್ಟ್ಸ್ ಪಟ್ಟಿಯ ವಿಸ್ತಾರವು 100 ಕಿಲೋಹರ್ಟ್ಸ್‌ನಿಂದ 200 ಕಿಲೋಹರ್ಟ್ಸ್‌ಗೆ ಏರಿತು.

2015ರ ಸಮ್ಮೇಳನವು 5351.5ರಿಂದ 5366.5 ಕಿಲೋಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯೊಂದನ್ನು ಅತಿ ಕಡಿಮೆ ಶಕ್ತಿಯ ಬಳಕೆಗಾಗಿ ಹವ್ಯಾಸಿ ಸೇವೆಗೆ ಸೇರಿಸಿತು. ಇಂತಹ ನಿರ್ಣಯಗಳು ತಾವಾಗಿಯೇ ಪ್ರತಿ ಪರವಾನಗಿದಾರರಿಗೆ ಹಕ್ಕನ್ನು ನೀಡುವುದಿಲ್ಲ. ಅವು ರಾಷ್ಟ್ರೀಯ ಕಂಪನಾಂಕ ಹಂಚಿಕೆ ಯೋಜನೆಯಲ್ಲಿಯೂ ಪರವಾನಗಿ ನಿಯಮಗಳಲ್ಲಿಯೂ ಅಳವಟ್ಟ ನಂತರವೇ ಬಳಕೆಗೆ ಬರುತ್ತವೆ. ಬೇರೆ ದೇಶದ ಹವ್ಯಾಸಿಯು ಒಂದು ಕಂಪನಾಂಕದಲ್ಲಿ ಮಾತನಾಡುತ್ತಿರುವುದು ಕೇಳಿಬಂದ ಮಾತ್ರಕ್ಕೆ ಅಲ್ಲಿ ಉತ್ತರಿಸುವ ಹಕ್ಕು ಭಾರತದ ಹವ್ಯಾಸಿಗೂ ಇದೆ ಎಂದು ಭಾವಿಸಲಾಗದು.

ಕರ್ನಾಟಕದ ಕೊಡುಗೆ

ಹೊಸ ಹವ್ಯಾಸಿಗಳ ಅತ್ಯುನ್ನತ ಕಂಪನಾಂಕ ಪಟ್ಟಿಗಳಿಗೂ ಗುಡ್ಡಗಳನ್ನು ದಾಟುವ ದಾರಿಯೊಂದನ್ನು ಬೆಂಗಳೂರಿನ ವಿಜ್ಞಾನಿಗಳು ತೋರಿಸಿದರು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಹವ್ಯಾಸಿಗಳಿಗಾಗಿ ನಿರ್ಮಿಸಿದ 42.5 ಕಿಲೋಗ್ರಾಂ ತೂಕದ 'ಹ್ಯಾಮ್‌ಸ್ಯಾಟ್' ಉಪಗ್ರಹವು 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ವಾಹನದಲ್ಲಿ ಕಕ್ಷೆಗೆ ಸೇರಿತು. ನೆಲದಿಂದ 435 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬಂದ ಸಂಕೇತವನ್ನು ಅದು 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹಿಂದಿರುಗಿಸುತ್ತಿತ್ತು. ಉಪಗ್ರಹವು ಆಕಾಶದಲ್ಲಿ ಹಾದುಹೋಗುವ ಕೆಲವು ನಿಮಿಷಗಳ ಕಾಲ ಸಣ್ಣ ಯಂತ್ರವುಳ್ಳವರೂ ದೂರದ ಊರುಗಳೊಡನೆ ಮಾತನಾಡುತ್ತಿದ್ದರು. 2014ರ ಜುಲೈನಲ್ಲಿ ಬ್ಯಾಟರಿಯ ವೈಫಲ್ಯದಿಂದ ಈ ಉಪಗ್ರಹದ ಸೇವೆಯು ಕೊನೆಗೊಂಡಿತು.

ವಿಪತ್ತಿನ ಸಂದರ್ಭದಲ್ಲಿ

2004ರ ಡಿಸೆಂಬರ್ 26ರ ಸುನಾಮಿಯ ವೇಳೆ ಭಾರತಿ ಪ್ರಸಾದ್ ನೇತೃತ್ವದ ಹವ್ಯಾಸಿಗಳ ತಂಡವು ಪೋರ್ಟ್ ಬ್ಲೇರ್‌ನಲ್ಲಿತ್ತು. ಹವ್ಯಾಸದ ಸಂಪರ್ಕಕ್ಕಾಗಿ ತೆರಳಿದ್ದ ಆ ತಂಡವು ತನ್ನ ಹ್ರಸ್ವತರಂಗ ಕೇಂದ್ರವನ್ನು ಕೂಡಲೇ ತುರ್ತು ಸೇವೆಗೆ ಮೀಸಲಿಟ್ಟು, ದ್ವೀಪಗಳ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹಕ್ಕೆ ತುತ್ತಾದ ಬೆಳಗಾವಿ ಜಿಲ್ಲೆಗೂ ಈ ಪಾಠವು ಅನ್ವಯಿಸುತ್ತದೆ. ಆ ತಂಡದ ಯಂತ್ರ, ಆಂಟೆನಾ ಮತ್ತು ಅನುಮತಿಗಳು ಅಲೆಗಳು ಬರುವ ಮೊದಲೇ ಸಿದ್ಧವಾಗಿದ್ದವು.

ಸಾಮಾನ್ಯ ದಿನಗಳಲ್ಲಿ ಹವ್ಯಾಸಿಯು ಮೂರನೆಯವರ ಪರವಾಗಿ ಸಂದೇಶಗಳನ್ನು ಸಾಗಿಸುವಂತಿಲ್ಲ ಎಂಬುದು 1978ರ ನಿಯಮಗಳ ತತ್ವ. ಸಾಮಾನ್ಯ ಸಂಪರ್ಕ ವ್ಯವಸ್ಥೆಯು ಕುಸಿದಾಗ, ಜಿಲ್ಲಾಧಿಕಾರಿಗಳಂತಹ ಸಕ್ಷಮ ನಾಗರಿಕ ಅಧಿಕಾರಿಗಳ ಕೋರಿಕೆಯ ಮೇರೆಗೆ ಅಂತಹ ಸಂದೇಶಗಳನ್ನು ಸಾಗಿಸಲು ಆ ನಿಯಮಗಳು ಅವಕಾಶ ನೀಡಿದವು. ಆದುದರಿಂದ ಮಳೆಗಾಲಕ್ಕೆ ಮೊದಲೇ ಹವ್ಯಾಸಿಗಳು ಜಿಲ್ಲಾ ಆಡಳಿತಕ್ಕೆ ಪರಿಚಿತರಾಗಿರುವುದು ಉಭಯತರಿಗೂ ಹಿತಕರ.

ಅರ್ಜಿದಾರರ ಗಮನಕ್ಕೆ

1. 12 ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಲು 2009ರ ನಿಯಮಗಳು ಅವಕಾಶ ಕಲ್ಪಿಸಿದವು. ಪದವಿ ಅಥವಾ ವಿಜ್ಞಾನದ ವ್ಯಾಸಂಗ ಕಡ್ಡಾಯವಲ್ಲ.

2. ಅರ್ಜಿಗಳನ್ನು ದೂರಸಂಪರ್ಕ ಇಲಾಖೆಯ 'ಸರಳ ಸಂಚಾರ್' ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಅರ್ಜಿ ಸಲ್ಲಿಸುವ ದಿನಕ್ಕೆ ಜಾರಿಯಲ್ಲಿರುವ ನಿಯಮ, ಶುಲ್ಕ ಮತ್ತು ಪರೀಕ್ಷಾ ಕೇಂದ್ರಗಳ ವಿವರವನ್ನು ಅಲ್ಲಿಯೇ ಪರಿಶೀಲಿಸತಕ್ಕದ್ದು.

3. ರೇಡಿಯೊ ತರಂಗಗಳ ಮೇಲ್ವಿಚಾರಣಾ ಕೇಂದ್ರಗಳು ಬೆಂಗಳೂರು ಮತ್ತು ಮಂಗಳೂರುಗಳಲ್ಲಿವೆ. ಬೆಳಗಾವಿಗೆ ಸಮೀಪದ ಗೋವಾದಲ್ಲಿಯೂ ಒಂದು ಕೇಂದ್ರವಿದೆ.

4. ಶಾಲೆ, ಕಾಲೇಜು ಮತ್ತು ನೋಂದಾಯಿತ ಸಂಘಗಳು ಅರ್ಹ ಪರವಾನಗಿದಾರರ ಹೊಣೆಗಾರಿಕೆಯಲ್ಲಿ ಸಂಘದ ಕೇಂದ್ರವನ್ನು ಸ್ಥಾಪಿಸಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇಂಜಿನಿಯರಿಂಗ್ ಕಾಲೇಜುಗಳೂ ಇರುವ ಖಾನಾಪುರ ರಸ್ತೆಯ ಪರಿಸರಕ್ಕೆ ಇದು ಸೂಕ್ತವಾದ ಮಾರ್ಗ.

5. ಪರವಾನಗಿ ಕೈಸೇರುವವರೆಗೆ ಹವ್ಯಾಸಿ ಪಟ್ಟಿಗಳಲ್ಲಿ ಪ್ರೇಷಣೆ ಮಾಡುವುದು ಅಪರಾಧ. ಅಂಗಡಿಯಲ್ಲಿ ಅಥವಾ ಅಂತರಜಾಲದಲ್ಲಿ ಯಂತ್ರವು ಮಾರಾಟಕ್ಕೆ ದೊರೆಯುತ್ತದೆ ಎಂಬುದು ಅದನ್ನು ಬಳಸುವ ಅನುಮತಿಯಾಗುವುದಿಲ್ಲ.

6. ಪರವಾನಗಿದಾರರು ತಮ್ಮ ಸಂಪರ್ಕಗಳ ದಿನಾಂಕ, ವೇಳೆ, ಕಂಪನಾಂಕ ಮತ್ತು ಎದುರಿನವರ ಕರೆಸಂಕೇತಗಳನ್ನು ದಾಖಲೆ ಪುಸ್ತಕದಲ್ಲಿ ನಮೂದಿಸತಕ್ಕದ್ದು.

ಪರೀಕ್ಷೆಯ ಸಿದ್ಧತೆ, ಪರವಾನಗಿಯ ಮಂಜೂರಾತಿ, ಯಂತ್ರದ ಖರೀದಿ ಮತ್ತು ಆಂಟೆನಾ ಸ್ಥಾಪನೆಗೆ ತಿಂಗಳುಗಳೇ ಬೇಕಾಗುತ್ತವೆ. ಜೂನ್ ತಿಂಗಳ ಮಳೆಗೆ ಸಿದ್ಧವಾಗಿರಬೇಕೆಂದು ಬಯಸುವವರು ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೇ ಅಭ್ಯಾಸವನ್ನು ಆರಂಭಿಸುವುದು ಒಳಿತು.