ಉರು ಹೊಡೆದದ್ದು ಯಾಕೆ ಉಳಿಯುವುದಿಲ್ಲ?

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ನೆನಪಿನ ಬಗ್ಗೆ 1885ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿನ ಪ್ರಯೋಗಕ್ಕೆ ಒಳಗಾದವನು ಒಬ್ಬನೇ, ಅವನೇ. ಅರ್ಥವೇ ಇಲ್ಲದ ಉಲಿಗಳ ಪಟ್ಟಿ ಮಾಡಿಕೊಂಡು ಉರು ಹೊಡೆದ. ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟ. ಪಟ್ಟ ಪಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯಲ್ಲೇ ನೀರುಪಾಲಾಗಿತ್ತು.

ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಅದೇ ಎಬ್ಬಿಂಗ್‌ಹೌಸ್ ಬೈರನ್ನನ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನೂ ಬಾಯಿಪಾಠ ಮಾಡಿದ. ಅದಕ್ಕೆ ತಗುಲಿದ್ದು ಸುಮಾರು ಹತ್ತನೇ ಒಂದು ಪಾಲು ಶ್ರಮ! ಅರ್ಥ, ಲಯ, ಪ್ರಾಸ ಎಲ್ಲ ಸೇರಿ ಬಹುಪಾಲು ಕೆಲಸ ಮುಗಿಸಿಕೊಟ್ಟಿದ್ದವು.

ನಮ್ಮ ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವುದು ನಾಲ್ಕಾರು ಸಂಗತಿಗಳನ್ನಷ್ಟೇ. ಗೊತ್ತಿರುವುದಕ್ಕೆ ಹೊಸದು ತಗುಲಿಕೊಂಡರೆ ಹತ್ತು ಸಂಗತಿ ಒಂದೇ ಗಂಟಾಗುತ್ತದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಇದನ್ನು ಚದುರಂಗದ ಮಣೆಯ ಮೇಲೆ ತೋರಿಸಿದರು. ನಿಜವಾದ ಆಟದ ನಡುವಿನ ಮಣೆಯನ್ನು ಕೆಲವೇ ಸೆಕೆಂಡು ನೋಡಿದ ನಿಪುಣ ಆಟಗಾರ, ಹೆಚ್ಚಿನ ಕಾಯಿಗಳನ್ನು ಅವಿದ್ದ ಜಾಗದಲ್ಲೇ ಜೋಡಿಸುತ್ತಿದ್ದ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಅವನೂ ಹೊಸಬನಷ್ಟೇ ತಡವರಿಸುತ್ತಿದ್ದ. ಅವನದು ದೊಡ್ಡ ನೆನಪಿನ ಶಕ್ತಿಯಲ್ಲ, ಆಟದ ತಿಳಿವಳಿಕೆ.

ಓದಿನಲ್ಲೂ ಹೀಗೇ. ಅಮೆರಿಕದ ಸಂಶೋಧಕರಾದ ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಶಾಲಾಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಚೆನ್ನಾಗಿ ಓದಬಲ್ಲ ಆದರೆ ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಅರ್ಥಮಾಡಿಕೊಂಡಿದ್ದರು. ನಮ್ಮಲ್ಲಿ ಕ್ರಿಕೆಟ್ ವರದಿ ಓದಿಸಿ ನೋಡಿ, ಕೊನೇ ಬೆಂಚಿನವರ ಪ್ರತಾಪ ಗೊತ್ತಾಗುತ್ತದೆ.

ಹತ್ತನೇ ತರಗತಿ ಬಂತೆಂದು ಚಿತ್ರಕಲೆ, ಆಟ, ಗ್ರಂಥಾಲಯದ ಪೀರಿಯಡ್ಡುಗಳನ್ನು ಕಿತ್ತು ಗೈಡಿನ ಉತ್ತರ ಉರು ಹೊಡೆಸುವುದು ಅದಕ್ಕೇ ನಷ್ಟದ ವ್ಯಾಪಾರ. ಅಂಕದ ದೃಷ್ಟಿಯಿಂದಲೇ ನಷ್ಟ ಎನ್ನುತ್ತಿದ್ದೇನೆ. ಮಗ್ಗಿ ಬಾಯಿಗೆ ಬರಲೇಬೇಕು, ಅದರಲ್ಲಿ ತಕರಾರಿಲ್ಲ. ಏಳೆಂಟಲ ಐವತ್ತಾರು ತಟ್ಟನೆ ಬಂದರೆ ಮನಸ್ಸು ಲೆಕ್ಕದ ಕಡೆ ತಿರುಗಲು ಬಿಡುವಾಗುತ್ತದೆ. ಆದರೆ ‘ಮಳೆ ನೆರಳಿನ ಪ್ರದೇಶ’ ಎಂಬುದರ ವ್ಯಾಖ್ಯೆ ಮಗ್ಗಿಯಂಥದ್ದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಚಳ್ಳಕೆರೆಯಲ್ಲಿ 500 ಮಿ.ಮೀ. ಆದರೆ ಪುಣ್ಯ ಎಂಬುದು ಭೂಗೋಳ. ಮೇಲೇರಿದ ಗಾಳಿ ತಣಿದು ನೀರನ್ನು ಪಶ್ಚಿಮ ಘಟ್ಟದಲ್ಲೇ ಸುರಿಸಿಬಿಡುತ್ತದೆ ಎಂಬುದು ಭೌತಶಾಸ್ತ್ರ. ಬಯಲುಸೀಮೆಯವರು ಕೆರೆ ಕಟ್ಟಿದ್ದು ಇತಿಹಾಸ, ಊಟಕ್ಕೆ ರಾಗಿ, ಸಾವೆ ಬಂದದ್ದು ಸಮಾಜ ವಿಜ್ಞಾನ. ಇವು ಒಂದಕ್ಕೊಂದು ಹೆಣೆದುಕೊಂಡ ಮಗುವಿಗೆ ಪರೀಕ್ಷೆಯಲ್ಲಿ ಒಂದು ಸಾಲು ಮರೆತುಹೋದರೂ, ಉಳಿದ ಮೂರರಿಂದ ಅದನ್ನು ಮತ್ತೆ ಕಟ್ಟಿಕೊಳ್ಳುವ ದಾರಿಯಿರುತ್ತದೆ.